ನೈಜೀರಿಯಾದ ತಂಪು ಪಾನೀಯ ಪೇಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಗೋಸ್‌ಗೆ ಕೆಲಸಕ್ಕೆ ಹೊರಟವರು ಕೇಳುತ್ತಾರೆ. ಅಲ್ಲಿ ಏನಾದರೂ ಮಾರಬಹುದಾ ಎಂದು ಲೆಕ್ಕ ಹಾಕುತ್ತಿರುವವರು ಕೇಳುತ್ತಾರೆ. ಸುಮ್ನೆ ಕುತೂಹಲಕ್ಕೆ ಕೇಳುವವರೂ ಇದ್ದಾರೆ. ಕೋಲಾ, ಸೋಡಾ, ಮಾಲ್ಟ್, ಜೋಬೋ ಬಗ್ಗೆ ಬರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ಒಂದೇ ಉದ್ದ ಇಲ್ಲ. ಕೆಲವು ಪ್ರಶ್ನೆಗೆ ಎರಡು ಸಾಲು ಸಾಕು, ಕೆಲವಕ್ಕೆ ಕಥೆಯನ್ನೇ ಹೇಳಬೇಕು.

ಪಶ್ಚಿಮ ಆಫ್ರಿಕಾದಲ್ಲಿ ಇಷ್ಟೊಂದು ದೇಶ ಇರುವಾಗ ನೈಜೀರಿಯಾನೇ ಯಾಕೆ?

ಜನ ಇರುವುದು ಅಲ್ಲಿ. 22 ಕೋಟಿಗೂ ಜಾಸ್ತಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 18 ದಾಟದ ಮಕ್ಕಳು, ಹುಡುಗರು. ವರ್ಷವಿಡೀ ಸೆಖೆ. ಉತ್ತರದಲ್ಲಿ ಮದ್ಯ ಮುಟ್ಟದ ಮುಸ್ಲಿಂ ಜನಸಂಖ್ಯೆ ದೊಡ್ಡದು, ದಕ್ಷಿಣದಲ್ಲಿ ವಾರ ತಪ್ಪದೆ ಮದುವೆ, ನಾಮಕರಣ, ತಿಥಿಯ ಊಟ. ಸಿಹಿ ನೀರು ಮಾರುವವನಿಗೆ ಇದಕ್ಕಿಂತ ಇನ್ನೇನು ಬೇಕು ಅಂತ ಅನಿಸುತ್ತದೆ. ಆದರೆ ಬೇಕಾದ್ದು ಇನ್ನೂ ಇದೆ: ಕರೆಂಟ್, ರಸ್ತೆ, ಡಾಲರ್. ಈ ಮೂರೂ ಅಲ್ಲಿ ಕಷ್ಟ. ಇಡೀ ಪೇಟೆಯ ಕಥೆ ಇರುವುದು ಈ ಎಳೆದಾಟದಲ್ಲೇ.

ಅಂಗಡಿಯಲ್ಲಿ ಕೂಲ್ ಡ್ರಿಂಕ್ಸ್ ಕೊಡಿ ಅಂದರೆ ತಿಳಿಯುತ್ತದಾ?

ತಿಳಿಯಬಹುದು. ಆದರೆ ಅಲ್ಲಿಯವರ ಮಾತು 'ಮಿನರಲ್'. ಕೋಕ್, ಫಾಂಟಾ, ಸ್ಪ್ರೈಟ್ ಎಲ್ಲವೂ ಮಿನರಲ್. ನಮ್ಮಲ್ಲಿ ಮಿನರಲ್ ಅಂದರೆ ನೀರಿನ ಬಾಟಲ್ ನೆನಪಾಗುತ್ತದೆ ಅಲ್ವಾ? ಅಲ್ಲಿ ಆ ಮಾತು ಕೇಳಿ ನೀರು ಬರುತ್ತದೆ ಎಂದು ಕಾದರೆ ಕೈಗೆ ಕಿತ್ತಳೆ ಬಣ್ಣದ ಬಾಟಲ್ ಬರುತ್ತದೆ. ನೀರು ಬೇಕಿದ್ದರೆ 'ಪ್ಯೂರ್ ವಾಟರ್' ಅನ್ನಿ. ಅದು ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣ. ಮೂಲೆ ಕಚ್ಚಿ ಹರಿದು ಕುಡಿಯುವುದು.

ಕೋಲಾ ಅನ್ನುವ ಹೆಸರು ಆಫ್ರಿಕಾದ್ದಂತೆ, ಹೌದಾ?

ಹೌದು. ಕೋಲಾ ಪಶ್ಚಿಮ ಆಫ್ರಿಕಾದ ಮರ. ಅದರ ಬೀಜದಲ್ಲಿ ಕೆಫೀನ್ ಇದೆ, ಬಾಯಿಗೆ ಒಗರು ಕಹಿ. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಕೋಲಾ ಬೀಜ ಬೆಳೆಯುವ ದೇಶ ನೈಜೀರಿಯಾ. ದಕ್ಷಿಣದ ಯೊರುಬಾ ಸೀಮೆಯಲ್ಲಿ ಬೆಳೆದದ್ದು ಲಾರಿಯಲ್ಲಿ ಉತ್ತರದ ಹೌಸಾ ಸೀಮೆಗೆ ಹೋಗುತ್ತದೆ. ಇಗ್ಬೋ ಜನರ ಮನೆಗೆ ನೆಂಟರು ಬಂದರೆ ಮೊದಲು ಮುಂದಿಡುವುದು ಕೋಲಾ ಬೀಜ. ಹಿರಿಯರು ಅದರ ಮೇಲೆ ಪ್ರಾರ್ಥನೆ ಹೇಳಿ, ಒಡೆದು ಎಲ್ಲರಿಗೂ ಹಂಚುತ್ತಾರೆ. ನಮ್ಮಲ್ಲಿ ಎಲೆ ಅಡಿಕೆ ತಟ್ಟೆಗೆ ಇರುವ ಮರ್ಯಾದೆ ಅದಕ್ಕಿದೆ.

1886ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಒಬ್ಬ ಔಷಧಿ ವ್ಯಾಪಾರಿ ಮಾಡಿದ ಹೊಸ ಪಾನಕಕ್ಕೆ ಈ ಬೀಜದ ಹೆಸರು ಬಿತ್ತು. ಸುಮಾರು 65 ವರ್ಷದ ನಂತರ ಆ ಹೆಸರು ಬಾಟಲಿಯೊಳಗೆ ಕೂತು ತವರಿಗೆ ವಾಪಸು ಬಂತು. ದುಡ್ಡು ಕೊಟ್ಟು ಕೊಳ್ಳಬೇಕಾಯಿತು, ಅಷ್ಟೇ.

ಕೋಕಾ-ಕೋಲಾವನ್ನು ಅಲ್ಲಿಗೆ ತಂದವರು ಅಮೆರಿಕದವರಾ?

ಅಲ್ಲ, ಗ್ರೀಕ್ ಮೂಲದವರು. ಪಶ್ಚಿಮ ಆಫ್ರಿಕಾದಲ್ಲಿ ಮೊದಲಿನಿಂದಲೂ ವ್ಯಾಪಾರ ಮಾಡಿಕೊಂಡಿದ್ದ ಲೆವೆಂಟಿಸ್ ಕುಟುಂಬದ ಸಂಸ್ಥೆ 1951ರಲ್ಲಿ ನೈಜೀರಿಯನ್ ಬಾಟ್ಲಿಂಗ್ ಕಂಪನಿಯನ್ನು ಶುರು ಮಾಡಿತು. ಎಲ್ಲರೂ ಎನ್‌ಬಿಸಿ ಅನ್ನುತ್ತಾರೆ. 1953ರಲ್ಲಿ ಲಾಗೋಸ್‌ನಲ್ಲಿ ಬಾಟಲಿ ತುಂಬುವ ಕೆಲಸ ಆರಂಭವಾಯಿತು. ಆಗ ಅದು ಇನ್ನೂ ಬ್ರಿಟಿಷರ ವಸಾಹತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೋಕಾ-ಕೋಲಾ ಕಂಪನಿ ಸಾಮಾನ್ಯವಾಗಿ ಮಾರುವುದು ಗಟ್ಟಿ ಸಾರವನ್ನು ಮತ್ತು ಹೆಸರನ್ನು. ನೀರು, ಸಕ್ಕರೆ, ಅನಿಲ, ಬಾಟಲ್, ಲಾರಿ, ಡೀಸೆಲ್, ಕೆಲಸಗಾರರು, ಇದೆಲ್ಲ ಬಾಟಲ್ ತುಂಬುವವನ ತಲೆನೋವು. ನೈಜೀರಿಯಾದಂಥ ದೇಶದಲ್ಲಿ ಕಷ್ಟ ಇರುವುದೆಲ್ಲ ಈ ಎರಡನೇ ಪಟ್ಟಿಯಲ್ಲಿ. ಎನ್‌ಬಿಸಿ ಈಗ ಯುರೋಪಿನ ಕೋಕಾ-ಕೋಲಾ ಎಚ್‌ಬಿಸಿ ಕೈಯಲ್ಲಿದೆ. 2011ರಲ್ಲಿ ಅವರು ಉಳಿದ ಪಾಲುದಾರರ ಷೇರನ್ನೂ ಕೊಂಡು ಲಾಗೋಸ್ ಷೇರುಪೇಟೆಯಿಂದ ಕಂಪನಿಯನ್ನು ಹೊರಗೆ ತಂದರು.

ಪೆಪ್ಸಿ?

ಪೆಪ್ಸಿ ಬಂದದ್ದು ಬಹಳ ತಡವಾಗಿ, 1990ರ ದಶಕದ ಆರಂಭದಲ್ಲಿ. ಅದನ್ನು ತಂದ ಮನೆ ಮಾತ್ರ ಹಳೆಯದು. ಲೆಬನಾನ್‌ನಿಂದ 1920ರ ದಶಕದಲ್ಲಿ ವಲಸೆ ಬಂದ ಮೊಹಮ್ಮದ್ ಎಲ್-ಖಲೀಲ್ ಸೆವೆನ್-ಅಪ್ ಬಾಟ್ಲಿಂಗ್ ಕಂಪನಿ ಕಟ್ಟಿದರು. ಅವರ ಕಾರ್ಖಾನೆಯಿಂದ ಮೊದಲ ಬಾಟಲ್ ಹೊರಬಿದ್ದ ದಿನ 1960ರ ಅಕ್ಟೋಬರ್ 1. ನೈಜೀರಿಯಾಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದೂ ಅದೇ ದಿನ. ಕಂಪನಿಯವರು ಇದನ್ನು ಹೇಳಿಕೊಳ್ಳದೆ ಬಿಡುವುದಿಲ್ಲ. ನಾನಾಗಿದ್ದರೂ ಬಿಡುತ್ತಿರಲಿಲ್ಲ.

ಗ್ರೀಕರು ಒಂದು ಕಡೆ, ಲೆಬನಾನಿನವರು ಇನ್ನೊಂದು ಕಡೆ. ನಾವು ಕೋಕ್-ಪೆಪ್ಸಿ ಜಗಳ ಅಂದುಕೊಳ್ಳುವುದು ಅಲ್ಲಿ ಎರಡು ವಲಸಿಗ ವ್ಯಾಪಾರಿ ಮನೆತನಗಳ ಜಗಳವಾಗಿಯೇ ಬಹುಕಾಲ ನಡೆಯಿತು.

ಖಾಲಿ ಬಾಟಲ್ ಇಲ್ಲದಿದ್ದರೆ ಡ್ರಿಂಕ್ಸ್ ಸಿಗುತ್ತಿರಲಿಲ್ಲವಂತೆ. ಇದೆಂಥ ಕಥೆ?

ಕಥೆಯಲ್ಲ, ನಿಜ. ನಮ್ಮಲ್ಲೂ ಗೋಲ್ಡ್ ಸ್ಪಾಟ್ ಕಾಲದಲ್ಲಿ ಹಾಗೇ ಇತ್ತು ಅಲ್ವಾ? ಬಾಟಲ್ ಅಂಗಡಿಯಲ್ಲೇ ಕುಡಿದು ಇಟ್ಟು ಬರಬೇಕು, ಮನೆಗೆ ಒಯ್ಯುವುದಾದರೆ ಡಿಪಾಸಿಟ್.

ನೈಜೀರಿಯಾದಲ್ಲಿ ಈ ಪದ್ಧತಿ ಬಹಳ ವರ್ಷ ಗಟ್ಟಿಯಾಗಿ ನಡೆಯಿತು. ಗಾಜಿನ ಬಾಟಲ್, 24 ಬಾಟಲಿನ ಪ್ಲಾಸ್ಟಿಕ್ ಕ್ರೇಟ್. ವ್ಯಾಪಾರ ಶುರು ಮಾಡುವ ಹೆಂಗಸು ಮೊದಲು ಬಂಡವಾಳ ಹಾಕಬೇಕಾದದ್ದು ಪಾನೀಯಕ್ಕಲ್ಲ, ಖಾಲಿ ಬಾಟಲ್ ಮತ್ತು ಕ್ರೇಟಿಗೆ. ಆಮೇಲೆ ಖಾಲಿ ಕೊಟ್ಟು ತುಂಬಿದ್ದು ತರುವುದು. ಖಾಲಿ ಕ್ರೇಟ್ ಅವಳ ಆಸ್ತಿ. ಒಂದು ಬಾಟಲ್ ಒಡೆದರೆ ಆ ದಿನದ ಲಾಭದಲ್ಲಿ ಒಂದು ಪಾಲು ಹೋಯಿತು. ಮದುವೆ ಮನೆಯವರು ಅಕ್ಕಿ, ಮಾಂಸದ ಜೊತೆ ಖಾಲಿ ಕ್ರೇಟುಗಳನ್ನೂ ಅಲ್ಲಿ ಇಲ್ಲಿ ಕೇಳಿ ಹೊಂದಿಸಬೇಕಾಗುತ್ತಿತ್ತು.

ದೊಡ್ಡ ಕಂಪನಿಗಳಿಗೆ ಇದು ಕೋಟೆ ಇದ್ದ ಹಾಗೆ. ಹೊಸಬ ಯಾರಾದರೂ ಬಂದರೆ ಅವನೂ ಲಕ್ಷಾಂತರ ಗಾಜಿನ ಬಾಟಲ್ ಮಾಡಿಸಬೇಕು, ಕ್ರೇಟ್ ಮಾಡಿಸಬೇಕು, ವಾಪಸು ತರಲು ಲಾರಿ ಇಡಬೇಕು. ಅಷ್ಟು ದುಡ್ಡು ಯಾರ ಹತ್ತಿರ ಇತ್ತು?

ಆ ಕೋಟೆ ಒಡೆದದ್ದು ಯಾರು?

ಒಂದು ಸೇಬಿನ ಪಾನೀಯ. ಲಾ ಕಸೇರಾ ಎಂಬ ಕಂಪನಿ 2001ರ ಹೊತ್ತಿಗೆ ಅನಿಲ ತುಂಬಿದ ಸೇಬು ರುಚಿಯ ಪಾನೀಯವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮಾರಿತು. ಖಾಲಿ ಕೊಡಬೇಕಿಲ್ಲ, ಅಂಗಡಿ ಮುಂದೆ ನಿಲ್ಲಬೇಕಿಲ್ಲ, ಮುಚ್ಚಳ ಹಾಕಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಬಸ್ಸಿನಲ್ಲಿ ಕೂತವನಿಗೆ ಗಾಜಿನ ಬಾಟಲ್ ಮಾರುವುದು ಹೇಗೆ? ಬಸ್ ಹೊರಟರೆ ಬಾಟಲೂ ಹೋಯಿತು. ಪ್ಲಾಸ್ಟಿಕ್ ಬಂದ ಮೇಲೆ ರಸ್ತೆಯೇ ಅಂಗಡಿಯಾಯಿತು.

ಲಾಗೋಸ್‌ನಲ್ಲಿ ಟ್ರಾಫಿಕ್ ಜಾಮ್‌ಗೆ 'ಗೋ-ಸ್ಲೋ' ಅನ್ನುತ್ತಾರೆ. ಗಂಟೆಗಟ್ಟಲೆ ಗಾಡಿ ಅಲುಗಾಡುವುದಿಲ್ಲ. ಹುಡುಗರು, ಹೆಂಗಸರು ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕಾರುಗಳ ನಡುವೆ ಓಡುತ್ತಾರೆ. ಅದರಲ್ಲಿ 'ಗಾಲಾ' ಎಂಬ ಸಾಸೇಜ್ ರೋಲ್ (ಒಳಗೆ ಮಾಂಸ ತುಂಬಿದ ತಿಂಡಿ), ಜೊತೆಗೆ ಲಾ ಕಸೇರಾ. ಒಂದು ಇಡೀ ತಲೆಮಾರಿನ ಲಾಗೋಸ್ ಜನರಿಗೆ ಗಾಲಾ-ಲಾ ಕಸೇರಾ ಅಂದರೆ ನಮಗೆ ಬಸ್ ಸ್ಟ್ಯಾಂಡಿನ ಇಡ್ಲಿ-ವಡೆ ಇದ್ದ ಹಾಗೆ. ಆಮೇಲೆ ಕೋಕ್, ಪೆಪ್ಸಿ ಕೂಡ ಪ್ಲಾಸ್ಟಿಕ್ಕಿಗೆ ಬಂದವು. ಬರಲೇಬೇಕಾಯಿತು.

ಬೀದಿಯಲ್ಲಿ ಮಾರುವುದು ಕಾನೂನಿಗೆ ವಿರುದ್ಧ ಅಲ್ವಾ?

ವಿರುದ್ಧವೇ. ಲಾಗೋಸ್ ರಾಜ್ಯದಲ್ಲಿ 2003ರಿಂದ ಕಾನೂನು ಇದೆ. 2016ರ ಜುಲೈನಲ್ಲಿ ಅದನ್ನು ಬಿಗಿಯಾಗಿ ಜಾರಿ ಮಾಡುತ್ತೇವೆ ಎಂದು ಸರ್ಕಾರ ಹೊರಟಿತು. ಮಾರುವವನಿಗೂ ಕೊಳ್ಳುವವನಿಗೂ 90,000 ನೈರಾ (ನೈಜೀರಿಯಾದ ಹಣ) ದಂಡ ಅಥವಾ 6 ತಿಂಗಳು ಜೈಲು ಎಂದಿತು. ಆದರೂ ಬುಟ್ಟಿಗಳು ರಸ್ತೆ ಬಿಟ್ಟು ಹೋಗಲಿಲ್ಲ. ದೊಡ್ಡ ಕಂಪನಿಗಳ ಸರಕು ಕೊನೆಗೆ ಗಿರಾಕಿಯ ಕೈ ಸೇರುವುದು ಈ ಓಡುವ ಕಾಲುಗಳಿಂದಲೇ. ದಂಡದ ಭಯ ಮಾತ್ರ ಆ ಕಾಲುಗಳಿಗೆ, ಕಂಪನಿಗಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

'ಬಿಗಿ' ಅನ್ನುವ ಬ್ರಾಂಡ್ ಬಗ್ಗೆ ಬಹಳ ಕೇಳಿದ್ದೇನೆ. ಅದೇನು?

ಹೆಸರು ಕೇಳಿ ಕನ್ನಡದವರಿಗೆ ನಗು ಬರುತ್ತದೆ. ಆದರೆ ಎದುರಾಳಿಗಳ ಕುತ್ತಿಗೆಯ ಟೈ ಬಿಗಿಯಾದದ್ದಂತೂ ನಿಜ.

ರೈಟ್ ಫುಡ್ಸ್ ಎಂಬ ನೈಜೀರಿಯನ್ನರದೇ ಕಂಪನಿ ಅದು. ಕಾರ್ಖಾನೆ ಲಾಗೋಸ್ ಪಕ್ಕದ ಓಗುನ್ ರಾಜ್ಯದ ಒಸೋಸದಲ್ಲಿದೆ. ಮೊದಲು ಮಾಡುತ್ತಿದ್ದದ್ದು ಸಾಸೇಜ್ ರೋಲ್. ಅಂದರೆ ಗೋ-ಸ್ಲೋ ಹುಡುಗರ ಬುಟ್ಟಿಯಲ್ಲಿ ಅವರಿಗೆ ಆಗಲೇ ಜಾಗ ಇತ್ತು. ಪಾನೀಯವನ್ನು ಅದೇ ಬುಟ್ಟಿಗೆ ಇಟ್ಟರು. 2016ರಲ್ಲಿ ಬಿಗಿ ಬಂತು: ಕೋಲಾ, ಕಿತ್ತಳೆ, ಸೇಬು, ನಿಂಬೆ, ಹೀಗೆ ಸಾಲು ಸಾಲು ರುಚಿ. ಬಾಟಲ್ ದೊಡ್ಡದು, ಬೆಲೆ ಕಮ್ಮಿ.

ಸಮಯವೂ ಕೂಡಿ ಬಂತು. 2016ರಲ್ಲಿ ನೈಜೀರಿಯಾದ ಆರ್ಥಿಕತೆ ಕುಸಿದಿತ್ತು. ಕಚ್ಚಾ ತೈಲದ ಬೆಲೆ ಬಿದ್ದು ನೈರಾ ನೆಲ ಕಚ್ಚಿತ್ತು. ಜನ ಕೈಯಲ್ಲಿ ನೋಟು ಹಿಡಿದು ಯೋಚಿಸುವ ಕಾಲ. ಅಂಥ ಹೊತ್ತಿನಲ್ಲಿ 'ನಾನು ಚಿಕ್ಕಂದಿನಿಂದ ಕೋಕ್ ಕುಡಿದವನು' ಅನ್ನುವ ನಿಷ್ಠೆ ಎಷ್ಟು ದಿನ ನಿಲ್ಲುತ್ತದೆ? ಪೆಪ್ಸಿಯವರು ಬಾಟಲಿನ ಕತ್ತು ಉದ್ದ ಮಾಡಿ, 'ಲಾಂಗ್ ಥ್ರೋಟ್' ಎಂದು ಜಾಹೀರಾತು ಹಾಕಿ, ಅದೇ ಬೆಲೆಗೆ ಜಾಸ್ತಿ ಕೊಟ್ಟರು. ಆ ಮಾತಿಗೆ ಅಲ್ಲಿಯ ಆಡುನುಡಿಯಲ್ಲಿ ಅತಿಯಾಸೆ, ಹೊಟ್ಟೆಬಾಕತನ ಅನ್ನುವ ಅರ್ಥವಿದೆ. ಬೈಗುಳವನ್ನೇ ಜಾಹೀರಾತು ಮಾಡಿದ ಜಾಣತನ ಮೆಚ್ಚಬೇಕು. ಕೋಕ್ ಉಲ್ಟಾ ದಾರಿ ಹಿಡಿದು ಸಣ್ಣ ಬಾಟಲ್ ತಂದಿತು. ನಮ್ಮಲ್ಲಿ 5 ರೂಪಾಯಿಯ 'ಛೋಟಾ' ಬಾಟಲ್ ಬಂದದ್ದು ನೆನಪಿದೆಯಾ? ಹೆಚ್ಚುಕಡಿಮೆ ಅದೇ ಲೆಕ್ಕ.

ಆಮೇಲೆ ಜಗಳ ಎನರ್ಜಿ ಡ್ರಿಂಕ್‌ಗೆ ಹೋಯಿತು. ರೈಟ್ ಫುಡ್ಸ್ 'ಫಿಯರ್‌ಲೆಸ್' ಎಂದು ಸಿಂಹದ ಚಿತ್ರ ಹಾಕಿ ಮಾರುತ್ತಿತ್ತು. ಎನ್‌ಬಿಸಿ 'ಪ್ರೆಡೇಟರ್' ತಂದಾಗ, ಇದು ನಮ್ಮದರ ಹಾಗೇ ಕಾಣುತ್ತಿದೆ ಎಂದು 2021ರಲ್ಲಿ ಕೋರ್ಟಿಗೆ ಹೋಯಿತು. ಹಿಂದೆಲ್ಲ ಸಣ್ಣವರು ಕೋಕ್‌ನ ನಕಲು ಮಾಡಿದ್ದಾರೆ ಎಂಬ ದೂರು ಬರುತ್ತಿತ್ತು. ಇಲ್ಲಿ ತಿರುಗುಮುರುಗು.

ಕರೆಂಟ್ ಇಲ್ಲದ ಕಡೆ ತಂಪು ಪಾನೀಯ ತಂಪಾಗುವುದು ಹೇಗೆ?

ಇದೇ ನಿಜವಾದ ಪ್ರಶ್ನೆ. ಬಹಳ ಜನ ಕೇಳುವುದಿಲ್ಲ, ಅದಕ್ಕೇ ನಾನೇ ಸೇರಿಸಿದ್ದೇನೆ.

22 ಕೋಟಿ ಜನರ ದೇಶಕ್ಕೆ ಅಲ್ಲಿಯ ವಿದ್ಯುತ್ ಜಾಲ ಸಾಮಾನ್ಯವಾಗಿ ಕೊಡುವುದು 4,000ದಿಂದ 5,000 ಮೆಗಾವಾಟ್. ನಮ್ಮ ಕರ್ನಾಟಕದ ಬೇಸಿಗೆಯ ಬೇಡಿಕೆಯೇ ಅದರ ಮೂರು ಪಟ್ಟು ದಾಟುತ್ತದೆ. ಹಾಗಾಗಿ ಕಾರ್ಖಾನೆಗಳು ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುತ್ತವೆ, ಗ್ಯಾಸಿನಲ್ಲೋ ಡೀಸೆಲಿನಲ್ಲೋ. ಅಂಗಡಿಯವರು ಸಣ್ಣ ಪೆಟ್ರೋಲ್ ಜನರೇಟರ್ ಇಡುತ್ತಾರೆ. ಅದೂ ಇಲ್ಲದವರು ಐಸ್ ಗಡ್ಡೆ ಕೊಳ್ಳುತ್ತಾರೆ. ಬೆಳಿಗ್ಗೆ ಐಸ್ ತಂದು, ಡಬ್ಬಿಯಲ್ಲಿ ಹಾಕಿ, ಬಾಟಲ್ ಮುಳುಗಿಸಿ, ಗೋಣಿ ಮುಚ್ಚುವುದು. ಐಸ್ ಕರಗುವುದರೊಳಗೆ ಮಾರಿದರೆ ಲಾಭ.

ಗಿರಾಕಿ ಮೊದಲು ಕೇಳುವುದು 'ತಣ್ಣಗಿದೆಯಾ?' ಎಂದು. ಯಾವ ಕಂಪನಿಯದು ಅನ್ನುವುದು ಆಮೇಲೆ. ಕೋಕ್ ಬೆಚ್ಚಗಿದ್ದು ಬಿಗಿ ತಣ್ಣಗಿದ್ದರೆ ಬಿಗಿಯೇ ಹೋಗುತ್ತದೆ. ಅದಕ್ಕೇ ಕಂಪನಿಗಳು ತಮ್ಮ ಹೆಸರು ಬರೆದ ಫ್ರಿಜ್‌ಗಳನ್ನು ಅಂಗಡಿಗಳಿಗೆ ಕೊಡುತ್ತವೆ. ಫ್ರಿಜ್ ಕಂಪನಿಯದು, ಅದನ್ನು ಓಡಿಸುವ ಪೆಟ್ರೋಲ್ ಮಾತ್ರ ಅಂಗಡಿಯವಳದು. ಪೇಟೆಯ ಲೆಕ್ಕ ಹಾಕುವವರು ಪಾಲು, ಬೆಳವಣಿಗೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ತಣ್ಣಗೆ ಮಾಡುವ ಖರ್ಚು ಯಾರ ತಲೆಗೆ ಬಿತ್ತು ಎಂದು ನೋಡಿದರೆ ಈ ಪೇಟೆ ಬೇಗ ಅರ್ಥವಾಗುತ್ತದೆ.

ಸಕ್ಕರೆ ಅಲ್ಲೇ ಬೆಳೆಯುತ್ತಾರಾ?

ತೀರಾ ಕಮ್ಮಿ. ಹೆಚ್ಚಿನದು ಬ್ರೆಜಿಲ್‌ನಿಂದ ಕಚ್ಚಾ ಸಕ್ಕರೆಯಾಗಿ ಹಡಗಿನಲ್ಲಿ ಬರುತ್ತದೆ. ಡಾಂಗೋಟೆ, ಬುವಾ, ಗೋಲ್ಡನ್ ಶುಗರ್ ಎಂಬ ಮೂರು ದೊಡ್ಡ ಕಂಪನಿಗಳು ಅದನ್ನು ಬಿಳಿ ಮಾಡಿ ಮಾರುತ್ತವೆ. ಲಾಗೋಸ್‌ನ ಅಪಾಪಾ ಬಂದರಿನಲ್ಲಿರುವ ಡಾಂಗೋಟೆ ಘಟಕ ಒಂದರದ್ದೇ ಸಾಮರ್ಥ್ಯ ವರ್ಷಕ್ಕೆ 14.4 ಲಕ್ಷ ಟನ್. ಬಿಳಿ ಸಕ್ಕರೆಯನ್ನು ನೇರವಾಗಿ ತರಿಸಿದರೆ ಭಾರಿ ಸುಂಕ. ಹಾಗಾಗಿ ಪಾನೀಯದವರಿಗೆ ಈ ಮೂವರನ್ನು ಬಿಟ್ಟು ಗತಿ ಇಲ್ಲ.

ಸಕ್ಕರೆ ಅಲ್ಲೇ ಬೆಳೆಯಬೇಕೆಂದು ಸರ್ಕಾರ ಒಂದು ದೊಡ್ಡ ಯೋಜನೆ ಮಾಡಿತ್ತು. 2013ರಿಂದ 10 ವರ್ಷ ಗಡುವು. ಗಡುವು ಮುಗಿಯಿತು, ಕಬ್ಬು ಸಾಕಾಗಲಿಲ್ಲ, ಇನ್ನೂ 10 ವರ್ಷ ಮುಂದೆ ಹಾಕಿದರು. ಮಂಡ್ಯದವರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ: ಕಬ್ಬಿಗೆ ಕಾರ್ಖಾನೆ ಮೊದಲಲ್ಲ, ನೀರು ಮೊದಲು.

ಇತ್ತೀಚೆಗೆ ಬೆಲೆ ಇಷ್ಟು ಏರಿದ್ದು ಯಾಕೆ?

2023ರ ಮೇ 29ರಂದು ಹೊಸ ಅಧ್ಯಕ್ಷ ಬೋಲಾ ಟಿನುಬು ಪ್ರಮಾಣವಚನದ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ಹೋಯಿತು ಅಂದರು. ಮುಂದಿನ ತಿಂಗಳೇ ನೈರಾವನ್ನು ಪೇಟೆಗೆ ಬಿಟ್ಟರು. ಅಲ್ಲಿಯವರೆಗೆ ಡಾಲರಿಗೆ ಸರ್ಕಾರಿ ದರ 470 ನೈರಾ ಆಸುಪಾಸು ಇತ್ತು. 2024ರಲ್ಲಿ 1,500 ದಾಟಿತು. 2024ರ ಡಿಸೆಂಬರ್ ಹೊತ್ತಿಗೆ ಹಣದುಬ್ಬರ ಶೇ 34.8.

ಈಗ ಒಂದು ಬಾಟಲನ್ನು ಬಿಚ್ಚಿ ನೋಡಿ. ಸಾರ, ಸಕ್ಕರೆ, ಪ್ಲಾಸ್ಟಿಕ್ ಹರಳು, ಯಂತ್ರದ ಬಿಡಿಭಾಗ, ಹೆಚ್ಚಿನದಕ್ಕೆಲ್ಲ ಡಾಲರ್ ಬೇಕು. ಲಾರಿಗೆ ಡೀಸೆಲ್, ಫ್ರಿಜ್‌ಗೆ ಪೆಟ್ರೋಲ್. ನೈಜೀರಿಯಾದ್ದೇ ಅನ್ನಬಹುದಾದದ್ದು ನೀರು ಮತ್ತು ದುಡಿಮೆ, ಅಷ್ಟೇ. 2010ರ ದಶಕದಲ್ಲಿ 100 ನೈರಾದ ಒಂದು ನೋಟು ಕೊಟ್ಟರೆ ಒಂದು ಬಾಟಲ್ ಸಿಗುತ್ತಿತ್ತು, ಚಿಲ್ಲರೆಯ ಗೊಡವೆ ಇರಲಿಲ್ಲ. ಆ ಒಂದು ನೋಟಿನ ಸುತ್ತಲೇ ಕಂಪನಿಗಳು ಇಷ್ಟೆಲ್ಲ ಯುದ್ಧ ಮಾಡಿದ್ದು. ಈಗ ಅದೇ ನೋಟು ತೋರಿಸಿದರೆ ಅಂಗಡಿಯವಳು ಪ್ಯೂರ್ ವಾಟರ್ ಕಡೆ ಕೈ ತೋರಿಸುತ್ತಾಳೆ.

ಸಕ್ಕರೆ ಪಾನೀಯಕ್ಕೆ ತೆರಿಗೆ ಹಾಕಿದ್ದಾರಂತೆ. ಕೆಲಸ ಮಾಡಿದೆಯಾ?

2021ರ ಹಣಕಾಸು ಕಾಯ್ದೆಯಲ್ಲಿ ಲೀಟರಿಗೆ 10 ನೈರಾ ಹಾಕಿದರು. 2022ರಲ್ಲಿ ವಸೂಲಿ ಶುರುವಾಯಿತು. ಸಕ್ಕರೆ ಕಾಯಿಲೆ, ಬೊಜ್ಜು ಕಮ್ಮಿಯಾಗಲಿ ಅನ್ನುವುದು ಒಂದು ಕಾರಣ, ಖಜಾನೆ ತುಂಬಲಿ ಅನ್ನುವುದು ಇನ್ನೊಂದು.

ಲೆಕ್ಕ ಹಾಕಿ. ಅರ್ಧ ಲೀಟರ್ ಬಾಟಲಿಗೆ 5 ನೈರಾ. ಬಾಟಲಿನ ಬೆಲೆ 100 ಇದ್ದರೆ ಅದು ನೂರಕ್ಕೆ 5. ಬೆಲೆ 500 ಆದರೆ ನೂರಕ್ಕೆ 1. ತೆರಿಗೆಯನ್ನು ಬೆಲೆಗೆ ಕಟ್ಟದೆ ಲೀಟರಿಗೆ ಕಟ್ಟಿದ್ದರಿಂದ ಹಣದುಬ್ಬರವೇ ಅದನ್ನು ತಿಂದು ಹಾಕಿತು. ಅಂಗಡಿ ಬೆಲೆ ಶೇ 20ರಷ್ಟಾದರೂ ಏರುವಂತೆ ತೆರಿಗೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಹತ್ತಿರದ ಘಾನಾ 2023ರಲ್ಲಿ ಬೆಲೆಯ ಮೇಲೆ ಶೇ 20ರ ಅಬಕಾರಿ ಸುಂಕದ ದಾರಿ ಹಿಡಿಯಿತು. ನೈಜೀರಿಯಾದ ತಯಾರಕರ ಸಂಘ ಆ 10 ನೈರಾಕ್ಕೇ ಬಹಳ ಗಲಾಟೆ ಮಾಡಿತ್ತು. ಜನ ಕುಡಿಯುವುದನ್ನು ಕಮ್ಮಿ ಮಾಡಿದ್ದರೆ ಅದಕ್ಕೆ ಕಾರಣ ನೈರಾ ಬಿದ್ದದ್ದೇ ಹೊರತು ಈ ತೆರಿಗೆಯಲ್ಲ ಅನ್ನುವುದು ನನ್ನ ಅಂದಾಜು.

ಫಾಂಟಾ ವಿಷ ಎಂದು ಕೋರ್ಟ್ ಹೇಳಿತ್ತಂತೆ, ನಿಜವಾ?

ವಾಟ್ಸಾಪ್‌ನಲ್ಲಿ ಬಂದಷ್ಟು ಅಲ್ಲ. ಪೂರ್ತಿ ಸುಳ್ಳೂ ಅಲ್ಲ. 2007ರಲ್ಲಿ ಒಬ್ಬ ವ್ಯಾಪಾರಿ ಲಾಗೋಸ್‌ನಿಂದ ಬ್ರಿಟನ್ನಿಗೆ ಫಾಂಟಾ, ಸ್ಪ್ರೈಟ್ ಕಳಿಸಿದ. ಅಲ್ಲಿಯ ಅಧಿಕಾರಿಗಳು ಬೆಂಜೋಯಿಕ್ ಆಮ್ಲ ತಮ್ಮ ಮಿತಿ ಮೀರಿದೆ ಎಂದು ಸರಕನ್ನು ತಡೆದರು. ಅದು ಕೆಡದಂತೆ ಹಾಕುವ ಪದಾರ್ಥ. ವಿಟಮಿನ್ ಸಿ ಜೊತೆ ಸೇರಿದರೆ ಅತಿ ಸಣ್ಣ ಪ್ರಮಾಣದಲ್ಲಿ ಬೆಂಜೀನ್ ಆಗುವ ಸಾಧ್ಯತೆ ಇದೆ. ವ್ಯಾಪಾರಿ ಕೋರ್ಟಿಗೆ ಹೋದ. 2017ರ ಫೆಬ್ರವರಿಯಲ್ಲಿ ಲಾಗೋಸ್ ಹೈಕೋರ್ಟ್, ವಿಟಮಿನ್ ಸಿ ಜೊತೆ ಕುಡಿಯಬಾರದು ಎಂಬ ಎಚ್ಚರಿಕೆಯನ್ನು ಬಾಟಲಿನ ಮೇಲೆ ಬರೆಸಬೇಕು ಎಂದು ಆಹಾರ-ಔಷಧ ನಿಯಂತ್ರಣ ಸಂಸ್ಥೆ ನಾಫ್ಡಾಕ್‌ಗೆ ಆದೇಶ ಕೊಟ್ಟಿತು, 20 ಲಕ್ಷ ನೈರಾ ಖರ್ಚೂ ಕಟ್ಟಿಸಿತು. ಕಂಪನಿ ಮೇಲ್ಮನವಿ ಹಾಕಿತು.

ಬ್ರಿಟನ್ನಿನ ಮಿತಿ ಕಿಲೋಗೆ 150 ಮಿಲಿಗ್ರಾಂ, ನೈಜೀರಿಯಾದ್ದು 250. ಸೆಖೆ ದೇಶ, ಬಾಟಲ್ ಬಿಸಿಲಲ್ಲಿ ನಿಲ್ಲುತ್ತದೆ, ಜಾಸ್ತಿ ಬೇಕು ಎಂದು ಕಂಪನಿಯವರ ವಾದ. ನಿಯಮದ ಒಳಗೇ ಇದೆ ಎಂದು ಸರ್ಕಾರವೂ ಹೇಳಿತು. ಜನ ಕೇಳಿದ್ದು ಬೇರೆ: ಅವರ ಮಕ್ಕಳಿಗೆ ಆಗದ್ದು ನಮ್ಮ ಮಕ್ಕಳಿಗೆ ಹೇಗೆ ಆಗುತ್ತದೆ? 2003ರಲ್ಲಿ ನಮ್ಮಲ್ಲಿ ಕೋಲಾದಲ್ಲಿ ಕೀಟನಾಶಕ ಸಿಕ್ಕಿದೆ ಎಂಬ ಸುದ್ದಿ ಬಂದಾಗ ನಾವು ಕೇಳಿದ್ದೂ ಇದೇ ಪ್ರಶ್ನೆ.

ಮಾಲ್ಟ್ ಅಂದರೆ ಬಿಯರಾ?

ಮದ್ಯ ಇಲ್ಲದ ಪಾನೀಯ. ಬಿಯರ್ ಕಂಪನಿಗಳೇ ಮಾಡುವುದು, ಬಣ್ಣ ಕಪ್ಪು, ರುಚಿ ಸಿಹಿ. ಸುಟ್ಟ ಬೆಲ್ಲಕ್ಕೆ ಹಿಟ್ಟಿನ ವಾಸನೆ ಸೇರಿದ ಹಾಗೆ. ನೈಜೀರಿಯನ್ ಬ್ರೂವರೀಸ್‌ನ ಮಾಲ್ಟಿನಾ 1976ರಿಂದ ಇದೆ. ಮಾಲ್ಟಾ ಗಿನ್ನೆಸ್ 1990ರಲ್ಲಿ ಬಂತು. ಶಕ್ತಿ ಬರುತ್ತದೆ ಎಂಬ ನಂಬಿಕೆ ಗಟ್ಟಿ. ಬಾಣಂತಿಗೆ, ಕಾಯಿಲೆಯವರಿಗೆ ಮಾಲ್ಟ್ ಒಯ್ಯುತ್ತಾರೆ, ನಾವು ಹಾರ್ಲಿಕ್ಸ್ ಬಾಟಲ್ ಹಿಡಿದು ಹೋಗುತ್ತಿದ್ದ ಹಾಗೆ. ಮದ್ಯಕ್ಕೆ ನಿರ್ಬಂಧ ಇರುವ ಉತ್ತರದಲ್ಲೂ ಇದು ನಡೆಯುತ್ತದೆ.

1980ರ ದಶಕದ ಕೊನೆಯಲ್ಲಿ ಸರ್ಕಾರ ಮಾಲ್ಟ್ ಮಾಡಲು ಬಳಸುತ್ತಿದ್ದ ಬಾರ್ಲಿಯ ಆಮದು ನಿಷೇಧಿಸಿತು. ಆಗ ಬ್ರೂವರಿಗಳು ಜೋಳದಿಂದ ಮಾಲ್ಟ್ ಮಾಡುವುದನ್ನು ಕಲಿತವು. ಹೌದು, ನಮ್ಮ ರೊಟ್ಟಿಯ ಜೋಳವೇ. ನಿಷೇಧ ಹೋದ ಮೇಲೂ ಜೋಳ ಉಳಿಯಿತು. ಸಕ್ಕರೆ ಯೋಜನೆಯಲ್ಲಿ ಆಗದ್ದು ಇಲ್ಲಿ ಆಯಿತು, ಯಾಕೆಂದರೆ ಜೋಳ ಅಲ್ಲಿಯ ರೈತನಿಗೆ ಮೊದಲೇ ಗೊತ್ತಿದ್ದ ಬೆಳೆ.

ಮನೆಯಲ್ಲೇ ಮಾಡುವ ಪಾನೀಯಗಳು?

ಅವನ್ನು ಯಾವ ಕಂಪನಿಯ ವರದಿಯೂ ಸರಿಯಾಗಿ ಎಣಿಸುವುದಿಲ್ಲ. ಎಣಿಸಿದರೆ ಚಿತ್ರವೇ ಬೇರೆ ಆದೀತು.

ಜೋಬೋ ಕಡುಗೆಂಪು. ಮಾಡುವುದು ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದಿಂದ. ಉತ್ತರ ಕರ್ನಾಟಕದವರು ಎಲೆಯನ್ನು ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ನೈಜೀರಿಯಾದವರು ಹೂವಿನ ಕೆಳಗಿನ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ, ಶುಂಠಿ, ಲವಂಗ ಹಾಕಿ ಕುದಿಸಿ, ಸೋಸಿ, ಸಿಹಿ ಬೆರೆಸುತ್ತಾರೆ. ಕೆಲವರು ಅನಾನಸ್ ಸಿಪ್ಪೆಯನ್ನೂ ಹಾಕುತ್ತಾರೆ. ಹುಳಿ, ಖಾರ, ಸಿಹಿ ಒಟ್ಟಿಗೆ ಬರುತ್ತದೆ. ಇದೇ ಪಾನೀಯ ಘಾನಾದಲ್ಲಿ ಸೋಬೋಲೋ, ಸೆನೆಗಲ್‌ನಲ್ಲಿ ಬಿಸಾಪ್. ಒಣಗಿದ ಈ ಹೂವನ್ನು ಉತ್ತರ ನೈಜೀರಿಯಾ ಮೆಕ್ಸಿಕೋಗೆ ರಫ್ತು ಕೂಡ ಮಾಡಿದೆ.

ಕುನು ಇನ್ನೊಂದು. ಸಜ್ಜೆ ಅಥವಾ ಜೋಳ ನೆನೆಸಿ, ರುಬ್ಬಿ, ಶುಂಠಿ-ಮೆಣಸು ಸೇರಿಸಿ, ಸ್ವಲ್ಪ ಹುಳಿ ಬರಿಸಿ ಕುಡಿಯುವುದು. ಅಂಬಲಿ ಕುಡಿದು ಬೆಳೆದವರಿಗೆ ಹೊಸದು ಅನಿಸುವುದಿಲ್ಲ. ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಉತ್ತರದ ಊರುಗಳಲ್ಲಿ ಜೋಬೋ, ಕುನು ಎರಡಕ್ಕೂ ಭಾರಿ ಬೇಡಿಕೆ. ಹೆಂಗಸರು ಮನೆಯಲ್ಲಿ ಮಾಡಿ, ಬಳಸಿದ ಪ್ಲಾಸ್ಟಿಕ್ ಬಾಟಲ್ ತೊಳೆದು ತುಂಬಿ ಮಾರುತ್ತಾರೆ. ಕೋಲಾ ಖಾಲಿಯಾದ ಬಾಟಲಿನಲ್ಲಿ ಜೋಬೋ ಕೂತಿರುತ್ತದೆ. ನೀರು ಎಲ್ಲಿಯದು ಎಂದು ಕೇಳಿ ಕುಡಿಯಿರಿ. ಎರಡು ದಿನಕ್ಕಿಂತ ಜಾಸ್ತಿ ಇದು ತಾಳುವುದಿಲ್ಲ, ಕಾರ್ಖಾನೆಗಳು ಇದನ್ನು ಪೂರ್ತಿ ನುಂಗದೆ ಇರಲು ಅದೂ ಒಂದು ಕಾರಣ.

ನಕಲಿ ಸರಕಿನ ಭಯ ಇದೆಯಾ?

ಇದೆ. 2023ರ ಡಿಸೆಂಬರಿನಲ್ಲಿ ಆಬಾ ಊರಿನ ಒಂದು ಮಾರುಕಟ್ಟೆಯಲ್ಲಿ ನಾಫ್ಡಾಕ್ ದಾಳಿ ಮಾಡಿ ನಕಲಿ ಪಾನೀಯ ತಯಾರಿಸುತ್ತಿದ್ದ ಮಳಿಗೆಗಳನ್ನು ಮುಚ್ಚಿಸಿತು. ಮುಚ್ಚಳದ ಸೀಲ್ ನೋಡಿ, ನಾಫ್ಡಾಕ್ ನಂಬರ್ ನೋಡಿ. ಈ ನಂಬರ್ ನೋಡುವ ಅಭ್ಯಾಸವನ್ನು ಜನರಿಗೆ ಹಿಡಿಸಿದವರು ಡೋರಾ ಅಕುನ್ಯಿಲಿ. 2001ರಿಂದ 2008ರವರೆಗೆ ಆ ಸಂಸ್ಥೆಯ ಮುಖ್ಯಸ್ಥೆ. ನಕಲಿ ಔಷಧಿ ದಂಧೆಯವರನ್ನು ಎದುರು ಹಾಕಿಕೊಂಡು, 2003ರಲ್ಲಿ ಗುಂಡಿನ ದಾಳಿಯಲ್ಲಿ ಕೂದಲೆಳೆಯಲ್ಲಿ ಉಳಿದವರು.

ಭಾರತದವರು ಯಾರೂ ಈ ಪೇಟೆಯಲ್ಲಿ ಇಲ್ವಾ?

ಇದ್ದಾರೆ. ಭಾರತ ಮೂಲದ ಸಿಂಧಿ ಕುಟುಂಬದ ಟೋಲಾರಾಂ ಗುಂಪು, ಈಗ ಸಿಂಗಪುರದಲ್ಲಿ ನೆಲೆ ನಿಂತಿದೆ, ನೈಜೀರಿಯಾದಲ್ಲಿ ಇಂಡೋಮಿ ನೂಡಲ್ಸ್ ಮಾರಿ ಮನೆಮಾತಾಯಿತು. 2024ರಲ್ಲಿ ಅದು ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೋ ಕೈಯಿಂದ ಗಿನ್ನೆಸ್ ನೈಜೀರಿಯಾದ ಶೇ 58ರಷ್ಟು ಪಾಲು ಕೊಂಡಿತು. ಮಾಲ್ಟಾ ಗಿನ್ನೆಸ್ ಮಾಡುವ ಕಂಪನಿ ಅದೇ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಖುಷಿಯಾಗಬಹುದು. ಎನ್‌ಬಿಸಿಯ ಪಾನೀಯಗಳಲ್ಲಿ ಲಿಮ್ಕಾ ಕೂಡ ಇದೆ. ಹೌದು, ನಮ್ಮ ಲಿಮ್ಕಾ.

ಒಂದು ಹೊಸ ಪಾನೀಯ ಮಾಡಿ ಅಲ್ಲಿ ಮಾರಬಹುದಾ?

ರುಚಿ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ಡಾಲರ್ ಏರಿದರೆ ನಿಮ್ಮ ಬಾಟಲಿನ ಖರ್ಚಲ್ಲಿ ಎಷ್ಟು ಪಾಲು ಏರುತ್ತದೆ? ಕರೆಂಟ್ ಇಲ್ಲದ ಓಣಿಯಲ್ಲಿ ಅದನ್ನು ತಣ್ಣಗಿಡುವವರು ಯಾರು? ಬುಟ್ಟಿ ಹೊತ್ತ ಹುಡುಗ ನಿಮ್ಮದನ್ನು ಬಿಟ್ಟು ಇನ್ನೊಬ್ಬರದ್ದನ್ನು ಹೊರದಿರಲು ಅವನಿಗೇನು ಸಿಗುತ್ತದೆ? ಬಿಗಿ ಗೆದ್ದದ್ದು ಮೂರನೆಯದರಲ್ಲಿ. ನಾಫ್ಡಾಕ್ ನೋಂದಣಿ, ಬೋರ್‌ವೆಲ್ ನೀರಿನ ಶುದ್ಧೀಕರಣ, ಖಾಲಿ ಪ್ಲಾಸ್ಟಿಕ್ ವಾಪಸು ಸಂಗ್ರಹಿಸುವ ಹೊಣೆ, ಇವೆಲ್ಲ ಇದ್ದದ್ದೇ. ದುಡ್ಡು ಮುಳುಗುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ.

ಮುಂದಿನ ತಿಂಗಳು ಲಾಗೋಸ್‌ಗೆ ಹೋಗುತ್ತಿದ್ದೇನೆ. ಏನು ಕುಡಿಯಲಿ?

ಮೊದಲ ದಿನ ಒಳ್ಳೆಯ ಹೋಟೆಲಿನಲ್ಲಿ 'ಚಾಪ್‌ಮನ್' ಕೇಳಿ. ಫಾಂಟಾ, ಸ್ಪ್ರೈಟ್ ಎರಡನ್ನೂ ಸೇರಿಸಿ, ಕೆಂಪು ಸಿರಪ್, ನಿಂಬೆ, ಸೌತೆಕಾಯಿ ಬಿಲ್ಲೆ, ನಾಲ್ಕು ಹನಿ ಕಹಿ ಬಿಟರ್ಸ್ ಹಾಕಿ ದೊಡ್ಡ ಲೋಟದಲ್ಲಿ ಕೊಡುತ್ತಾರೆ. ಬ್ರಿಟಿಷರ ಕಾಲದ ಇಕೋಯಿ ಕ್ಲಬ್‌ನಲ್ಲಿ ಹುಟ್ಟಿತು ಅನ್ನುತ್ತಾರೆ. ಬಿಟರ್ಸ್‌ನಲ್ಲಿ ಮದ್ಯ ಇರುತ್ತದೆ, ಬೇಡದವರು ಮೊದಲೇ ಹೇಳಿಬಿಡಿ. ಆಮೇಲೆ ಗೋ-ಸ್ಲೋದಲ್ಲಿ ಸಿಕ್ಕಿಕೊಂಡಾಗ ಕಿಟಕಿ ಇಳಿಸಿ, ಕೈಯಲ್ಲಿ ಚಿಲ್ಲರೆ ಸಿದ್ಧ ಇಟ್ಟುಕೊಂಡಿರಿ. ಗಾಡಿ ಹೊರಟರೆ ಬಾಕಿ ಚಿಲ್ಲರೆ ಕೊಡಲು ಆ ಹುಡುಗ ನಿಮ್ಮ ಹಿಂದೆ ಓಡಿ ಬರಬೇಕಾಗುತ್ತದೆ. ಬಂದೇ ಬರುತ್ತಾನೆ, ಪಾಪ.